ಕಾಫಿ ಕುಡಿದು ಬಂದರೆ ಸಾಲದು, ಬರೆಸಿಕೊಂಡು ಬಾ

ತೀರ್ಥಹಳ್ಳಿ ತಾಲೂಕು
10 ನವೆಂಬರ್ 2025

ಚಿರಂಜೀವಿ ಪುಟ್ಟುವಿಗೆ ಅತ್ತೆಯ ಆಶೀರ್ವಾದಗಳು. ಇತ್ತ ನಾವು ಕ್ಷೇಮ, ಅತ್ತ ನಿಮ್ಮ ಕ್ಷೇಮಕ್ಕೆ ಬರೆಯುತ್ತಿರಿ.

ಈ ಸಲ ಕೊಳೆ ರೋಗ ಬಂದು ಅಡಿಕೆ ಮರದ ಬುಡದಲ್ಲೇ ಉದುರಿ ಹೋಯಿತು. ಉಳಿದದ್ದನ್ನು ಇಳಿಸೋಣ ಅಂದರೆ ಮರ ಹತ್ತಿ ಕೊಯ್ಯುವ ಕೊನೆಗಾರ ಸಿಗುತ್ತಿಲ್ಲ. ನಿನ್ನ ಮಾವ ಬೆಳಿಗ್ಗೆಯೇ ಅವನನ್ನು ಹುಡುಕಿಕೊಂಡು ಹೋಗಿದ್ದಾರೆ. ಮನೆಯಲ್ಲಿ ನಾನೊಬ್ಬಳೇ. ಅದಕ್ಕೇ ಬರೆಯಲು ಕೂತೆ. ಫೋನಿನಲ್ಲಾದರೆ ನೀನು "ಆಯ್ತು ಅತ್ತೆ, ನೋಡೋಣ ಅತ್ತೆ" ಅಂತ ಎರಡೇ ಮಾತಿನಲ್ಲಿ ಮುಗಿಸಿಬಿಡುತ್ತೀಯ.

ಮೊನ್ನೆ ನೀನು ಹೇಳಿದ್ದು ತಲೆಯಲ್ಲೇ ಕೊರೆಯುತ್ತಿದೆ. ರಿಟೈರ್ ಆದ ದುಡ್ಡಿನಲ್ಲಿ ಮನೆ ಸಾಲ ತೀರಿಸಿ ಎಂಟು ತಿಂಗಳಾಯಿತು. ಮನೆ ಪತ್ರ ಮಾತ್ರ ಇನ್ನೂ ಬ್ಯಾಂಕಿನಲ್ಲೇ ಇದೆ. ಪ್ರತಿ ಸೋಮವಾರ ಹೋಗುತ್ತೀಯ. ಮ್ಯಾನೇಜರ್ ಕೂರಿಸಿ ಕಾಫಿ ತರಿಸುತ್ತಾರೆ. "ಹೆಡ್ ಆಫೀಸಿನಿಂದ ಬರಬೇಕು ಸಾರ್, ಮುಂದಿನ ವಾರ" ಅನ್ನುತ್ತಾರೆ. ನೀನು ಎದ್ದು ಬರುತ್ತೀಯ. "ಒಳ್ಳೆ ಮನುಷ್ಯ ಅತ್ತೆ, ಪಾಪ ಅವರೇನು ಮಾಡ್ತಾರೆ. ಈ ವಯಸ್ಸಲ್ಲಿ ಬ್ಯಾಂಕಿನ ಜೊತೆ ಯಾರು ಜಗಳ ಕಾಯ್ತಾರೆ" ಅಂದೆಯಲ್ಲ.

ವಯಸ್ಸಿನ ಮಾತು ನನ್ನ ಹತ್ತಿರ ಆಡಬೇಡ. ನಿನಗೆ ಈಗ 58. ನಾನು ಇಂಥ ಕೆಲಸಕ್ಕೆ ಮೊದಲ ಸಲ ಕೈ ಹಾಕಿದಾಗ ನನಗೆ 62. ಅಲ್ಲಿಯವರೆಗೆ ಒಂದು ಆಫೀಸಿನಲ್ಲಿ ಒಂಟಿಯಾಗಿ ಕೂತವಳಲ್ಲ. ನಿನ್ನ ಮಾವನ ಹಿಂದೆ ಚೀಲ ಹಿಡಿದುಕೊಂಡು ನಿಲ್ಲುತ್ತಿದ್ದೆ, ಅಷ್ಟೆ.

2018ರಲ್ಲಿ ಅವರಿಗೆ ಎದೆನೋವು ಬಂದು ಸ್ಟೆಂಟ್ ಹಾಕಿದ್ದು ನಿನಗೆ ಗೊತ್ತು. ಬಿಲ್ 2,61,000 ಆಗಿತ್ತು. ಆರು ವರ್ಷದಿಂದ ಒಂದು ಕಂತೂ ತಪ್ಪದೆ ಆರೋಗ್ಯ ವಿಮೆ ಕಟ್ಟಿದ್ದೆವು. ಅಡಿಕೆ ರೇಟು ಬಿದ್ದ ವರ್ಷ ಕೈಸಾಲ ಮಾಡಿ ಕಟ್ಟಿದ್ದೂ ಇದೆ. ಕಂಪನಿಯಿಂದ ನಾಲ್ಕು ಸಾಲಿನ ಇಂಗ್ಲಿಷ್ ಕಾಗದ ಬಂತು. ಮೊದಲೇ ಇದ್ದ ಕಾಯಿಲೆ ಮುಚ್ಚಿಟ್ಟಿದ್ದೀರಿ, ಇಂಥ ನಂಬರಿನ ಷರತ್ತಿನ ಪ್ರಕಾರ ಹಣ ಕೊಡಲು ಬರುವುದಿಲ್ಲ, ಅಂತ. ಯಾವ ಕಾಯಿಲೆ ಅಂತ ಅದರಲ್ಲಿ ಇಲ್ಲ. ನಿನ್ನ ಮಾವನಿಗೆ ಹಣಕ್ಕಿಂತ ಆ "ಮುಚ್ಚಿಟ್ಟಿದ್ದೀರಿ" ಅನ್ನುವ ಮಾತು ಜಾಸ್ತಿ ಚುಚ್ಚಿತು. ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಆಮೇಲೆ "ಹೋಗ್ಲಿ ಬಿಡೇ" ಅಂದರು.

ಶಿವಮೊಗ್ಗದ ಅವರ ಆಫೀಸಿಗೆ ನಾನು ಐದು ಸಲ ಹೋದೆ. ಕೊಟ್ಟಿಗೆ ಕೆಲಸ ಮುಗಿಸಿ ಬಸ್ಸು ಹತ್ತಿದರೆ ಮಂಡಗದ್ದೆ, ಸಕ್ರೆಬೈಲು, ಗಾಜನೂರು ದಾಟಿ ಊರು ಸೇರುವಾಗ ಹನ್ನೊಂದು ಗಂಟೆ. ಟೋಕನ್ ತಗೊಂಡು ಕೂತರೆ ಮಧ್ಯಾಹ್ನ. ಕೌಂಟರಿನಲ್ಲಿ ಒಬ್ಬ ಹುಡುಗ, ನಯವಾಗಿಯೇ ಮಾತಾಡುತ್ತಿದ್ದ. ಒಂದು ದಿನ ಬಿಪಿ ಇತ್ತು ಅಂದ. ಇನ್ನೊಂದು ದಿನ ಹಾರ್ಟಿನ ತೊಂದರೆಯೇ ಹಳೆಯದು ಅಂದ. ಮತ್ತೊಂದು ದಿನ ಸಿಸ್ಟಮ್ ತಗೊಳ್ತಿಲ್ಲ ಅಮ್ಮ ಅಂದ. ಮೂರನೇ ಸಲ ನಾನು ಕೂಗಾಡಿದೆ. ಅವತ್ತು ಆಫೀಸಿಗೆ ಆಫೀಸೇ ಅವನ ಪರವಾಗಿ ಎದ್ದು ನಿಂತಿತು. ನಾನು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ನೀರು ಕುಡಿದೆ.

ಐದನೇ ಸಲ ಅವನು ಅರ್ಧ ಇಂಗ್ಲಿಷಿನಲ್ಲಿ ಒಂದೇ ಸಮ ಏನೇನೋ ವಿವರಿಸಿದ. ಮನೆಗೆ ಹೋಗಿ ಇವರಿಗೆ ಏನು ಹೇಳಲಿ? ಮಂಡಗದ್ದೆ ಬರುವಷ್ಟರಲ್ಲಿ ಅರ್ಧ ಮರೆತಿರುತ್ತದೆ. ಚೀಲದಲ್ಲಿ ಅಡಿಕೆ ಲೆಕ್ಕದ ಪುಸ್ತಕ ಇತ್ತು. ಯಾರು ಎಷ್ಟು ಡಬ್ಬ ಸುಲಿದರು ಅಂತ ಬರೆಯುವುದು. ಅದರ ಹಿಂದಿನ ಹಾಳೆ ತಿರುಗಿಸಿ ಅವನ ಮುಂದಿಟ್ಟೆ. "ಈಗ ಹೇಳಿದ್ರಲ್ಲ ಮಾರಾಯ್ರೆ, ಅದನ್ನೇ ಎರಡು ಸಾಲು ಬರೆದುಕೊಡಿ. ಯಾವ ಕಾಯಿಲೆ, ಯಾವಾಗಿಂದ, ನಿಮಗೆ ಯಾರು ಹೇಳಿದ್ದು. ಕೆಳಗೊಂದು ಸೈನ್ ಹಾಕಿ" ಅಂದೆ. ನಿಜ ಹೇಳುತ್ತೇನೆ, ಅದರಲ್ಲಿ ಯಾವ ಉಪಾಯವೂ ಇರಲಿಲ್ಲ. ಮರೆತುಹೋಗುತ್ತದೆ ಅಂತ ಕೇಳಿದ್ದು.

ಅವನ ಮಾತು ನಿಂತಿತು. ಪೆನ್ನು ತಗೊಂಡ. ಮುಚ್ಚಳ ತೆಗೆದ. ಹಾಳೆಯ ಮೇಲ್ಗಡೆ ನಾನು ಬರೆದಿದ್ದ ಡಬ್ಬದ ಲೆಕ್ಕ ಓದಿದ. ಮತ್ತೆ ಮುಚ್ಚಳ ಹಾಕಿದ. "ಒಂದು ನಿಮಿಷ ಅಮ್ಮ" ಅಂತ ಒಳಗೆ ಹೋದವನು ಇಪ್ಪತ್ತು ನಿಮಿಷ ಬರಲಿಲ್ಲ.

ಪುಟ್ಟು, ಆ ಇಪ್ಪತ್ತು ನಿಮಿಷದಲ್ಲಿ ನಾನು ಕಲಿತದ್ದನ್ನೇ ನಿನಗೆ ಹೇಳಬೇಕು ಅಂತ ಕೂತಿದ್ದೇನೆ. ಇಂಥ ಕಡೆ ಬಾಯಲ್ಲಿ ಏನು ಬೇಕಾದರೂ ಹೇಳುತ್ತಾರೆ. ಹೇಳಿದ್ದಕ್ಕೆ ಯಾರೂ ಜವಾಬ್ದಾರರಲ್ಲ. ಬರೆಯಬೇಕು ಅಂದ ಕೂಡಲೇ ಅದು ನಿಜವಾ ಸುಳ್ಳಾ ಅಂತ ಅವರಿಗೇ ಯೋಚನೆ ಹತ್ತುತ್ತದೆ. ನಾಲ್ಕು ಸಲ ನಾನು ಹಣ ಕೊಡಿ ಅಂತ ಕೇಳಿದ್ದೆ. ಐದನೆಯ ಸಲದಿಂದ ಕಾರಣ ಕೊಡಿ ಅಂತ ಕೇಳಿದೆ, ಕಾಗದದ ಮೇಲೆ.

ಕೊನೆಗೆ ಒಳಗಿನಿಂದ ದೊಡ್ಡ ಅಧಿಕಾರಿ ಬಂದರು. "ನೀವು ಲಿಖಿತವಾಗಿ ಕೇಳಿ, ಉತ್ತರ ಕಳಿಸ್ತೀವಿ" ಅಂದರು. ಅಲ್ಲೇ ಕೂತು ಕನ್ನಡದಲ್ಲಿ ಬರೆದೆ. ಪಕ್ಕದ ಅಂಗಡಿಯಲ್ಲಿ ಜೆರಾಕ್ಸ್ ಮಾಡಿಸಿ ಎರಡನೇ ಪ್ರತಿಗೆ ಸೀಲ್ ಹಾಕಿಸಿಕೊಂಡೆ. ದುಂಡಗಿನ ನೀಲಿ ಸೀಲು, ಕೆಳಗೆ ತಾರೀಖು. ಬಸ್ಸಿನಲ್ಲಿ ಅದನ್ನು ನೋಡುತ್ತಾ ಬಂದಾಗ ನಿನ್ನ ಅಜ್ಜನ ಹಸಿರು ಟ್ರಂಕು ನೆನಪಾಯಿತು.

ಆ ಟ್ರಂಕು ನಿನಗೂ ನೆನಪಿರಬೇಕು. ಅದರ ಮೇಲೆ ಕೂತು ಬೆಲ್ಲ ತಿನ್ನುತ್ತಿದ್ದೆ ನೀನು. ಒಳಗೆ ಗೊಬ್ಬರದ ಚೀಲದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಒಂದೇ ಒಂದು ಚೀಟಿ ಇರುತ್ತಿತ್ತು. 1974ರಲ್ಲಿ ಉಳುವವನಿಗೆ ಭೂಮಿ ಅನ್ನುವ ಕಾನೂನು ಬಂದಾಗ, ಒಡೆಯರ ಜಮೀನು ಉಳುತ್ತಿದ್ದ ಗೇಣಿದಾರರು ಏಳನೇ ನಮೂನೆಯಲ್ಲಿ ಅರ್ಜಿ ಹಾಕಬೇಕಿತ್ತು. ಅಜ್ಜನಿಗೆ ಓದು ಬರಹ ಬರುತ್ತಿರಲಿಲ್ಲ. ಶಾಲೆ ಮೇಷ್ಟ್ರ ಹತ್ತಿರ ಬರೆಸಿ ಸಾಗರಕ್ಕೆ ನಡೆದುಹೋಗಿ ಕೊಟ್ಟು ಬಂದರು. ಸ್ವೀಕೃತಿ ಚೀಟಿ ಕೊಡುವ ತನಕ ಅಲ್ಲಿಂದ ಕದಲಲಿಲ್ಲವಂತೆ. ಎಷ್ಟು ವರ್ಷ ಗೇಣಿ ಅಳೆದರೂ ಒಂದು ರಸೀದಿ ಕಾಣದ ಮನುಷ್ಯ. ಆ ಚೀಟಿಯ ಬೆಲೆ ಅವರಿಗೆ ಗೊತ್ತಿತ್ತು. ಭೂ ನ್ಯಾಯಮಂಡಳಿಯಲ್ಲಿ ಅದೇ ಕೆಲಸಕ್ಕೆ ಬಂತು.

ಅಜ್ಜ ಆಗಾಗ ಸಾಗರದ ಹತ್ತಿರದ ಕಾಗೋಡಿನ ಕತೆ ಹೇಳುತ್ತಿದ್ದರು. 1951ರ ಆ ಸತ್ಯಾಗ್ರಹ ಶುರುವಾದದ್ದು ಒಂದು ಕೊಳಗದಿಂದ. ಗೇಣಿ ಭತ್ತ ಅಳೆಯುವಾಗ ಒಡೆಯರ ಕೊಳಗ ದೊಡ್ಡದು. ಅಳತೆ ಸರಿ ಮಾಡಿ ಅಂತ ರೈತರು ಕೇಳಿದರು. ಎಚ್. ಗಣಪತಿಯಪ್ಪನವರು ಸಂಘ ಕಟ್ಟಿದರು, ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರು ಜೊತೆ ನಿಂತರು, ಅವರ ಪಕ್ಷದ ದೊಡ್ಡ ನಾಯಕ ರಾಮಮನೋಹರ ಲೋಹಿಯಾ ಅಷ್ಟು ದೂರದಿಂದ ಬಂದು ಬಂಧನಕ್ಕೊಳಗಾದರು. ನಮ್ಮ ಕೆಲಸವನ್ನು ಅದರ ಪಕ್ಕ ಇಟ್ಟು ನೋಡಬಾರದು. ಅವರು ಜೈಲಿಗೆ ಹೋದರು. ನಾವು ಅಂಚೆ ಕಚೇರಿಗೆ ಹೋಗುತ್ತೇವೆ. ಆದರೆ ಆ ಕೊಳಗದ ವಿಷಯ ನನಗೆ ಇಷ್ಟ. "ನಮಗೆ ಅನ್ಯಾಯ ಆಗಿದೆ" ಅಂತ ಕೂಗಿದ್ದರೆ ಯಾರೂ ಕೇಳುತ್ತಿರಲಿಲ್ಲವೇನೋ. ಕೊಳಗವನ್ನು ಎತ್ತಿ ತೋರಿಸಬಹುದಿತ್ತು.

ಇರಲಿ, ನನ್ನ ಕತೆ ಮುಗಿಸುತ್ತೇನೆ. ಕಂಪನಿಯ ಉತ್ತರ ಹದಿನೇಳು ದಿನಕ್ಕೆ ಬಂತು. ಆಸ್ಪತ್ರೆಯ ಡಿಸ್ಚಾರ್ಜ್ ಸಮ್ಮರಿಯಲ್ಲಿ "ಸಕ್ಕರೆ ಕಾಯಿಲೆ 10–12 ವರ್ಷದಿಂದ" ಅಂತ ಇದೆ, ನೀವು ಪಾಲಿಸಿ ತಗೊಳ್ಳುವಾಗ ಹೇಳಿಲ್ಲ, ಅಂತ. ನಾನು ದಂಗಾದೆ. ಇವರಿಗೆ ಸಕ್ಕರೆ ಗೊತ್ತಾದದ್ದು ಹಿಂದಿನ ವರ್ಷ. ಆಸ್ಪತ್ರೆಗೆ ಸೇರಿಸುವಾಗ ಡ್ಯೂಟಿ ಡಾಕ್ಟರಿಗೆ ನಾನೇ ಹೇಳಿದ್ದೆ, ಹತ್ತು ತಿಂಗಳಾಯಿತು ಅಂತ.

ಡಾಕ್ಟರುಗಳ ನಡವಳಿಕೆಗೆ 2002ರ ಒಂದು ನಿಯಮ ಇದೆ. ರೋಗಿ ಅಥವಾ ಅವರ ಕಡೆಯವರು ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಆಸ್ಪತ್ರೆಗೂ ಬರೆದು ಕೇಳಿದೆ. ಕೇಸ್ ಶೀಟಿನ 41 ಹಾಳೆ ಜೆರಾಕ್ಸ್ ಕೊಟ್ಟರು. ಮೊದಲ ಹಾಳೆ, ಎಮರ್ಜೆನ್ಸಿಯಲ್ಲಿ ಗಡಿಬಿಡಿಯಲ್ಲಿ ಗೀಚಿದ್ದು. ಸಕ್ಕರೆ ಕಾಯಿಲೆಯ ಎದುರಿಗೆ 10/12 ಅಂತ ಇತ್ತು. ನನಗೆ ತಲೆಬುಡ ಗೊತ್ತಾಗಲಿಲ್ಲ. ನಮ್ಮೂರಿನಲ್ಲಿ ಒಬ್ಬರು ರಿಟೈರ್ ಆದ ನರ್ಸಮ್ಮ ಇದ್ದಾರಲ್ಲ, ಅವರ ಮನೆ ಜಗಲಿಯಲ್ಲಿ ಹಾಳೆ ಬಿಡಿಸಿದೆ. ಅವರು ಕನ್ನಡಕ ಹಾಕಿಕೊಂಡು ಒಂದು ಸಲ ನೋಡಿ ನಕ್ಕರು. ಡಾಕ್ಟರುಗಳು ಕಾಲ ಬರೆಯುವುದು ಹಾಗೆ. ಕೆಳಗೆ 7 ಇದ್ದರೆ ದಿನ, 52 ಇದ್ದರೆ ವಾರ, 12 ಇದ್ದರೆ ತಿಂಗಳು. 10/12 ಅಂದರೆ ಹತ್ತು ತಿಂಗಳು. ಟೈಪ್ ಮಾಡಿದವರು ಅದನ್ನು ಹತ್ತರಿಂದ ಹನ್ನೆರಡು ವರ್ಷ ಅಂತ ಓದಿಕೊಂಡಿದ್ದರು.

ಒಂದು ಓರೆ ಗೆರೆ, ಪುಟ್ಟು! ಅದಕ್ಕೆ 2,61,000 ರೂಪಾಯಿ, ಮೇಲಿಂದ ಸುಳ್ಳುಗಾರ ಅನ್ನುವ ಹಣೆಪಟ್ಟಿ. ಯಾರಿಗೂ ನಮ್ಮ ಮೇಲೆ ದ್ವೇಷ ಇರಲಿಲ್ಲ. ಯಾರೂ ಮೊದಲ ಹಾಳೆ ತೆರೆದು ನೋಡಿರಲಿಲ್ಲ, ಅಷ್ಟೆ. ನಾವು ತೆರೆಸದಿದ್ದರೆ ಅವರು ತೆರೆಯುತ್ತಲೂ ಇರಲಿಲ್ಲ.

ಆಸ್ಪತ್ರೆಯವರಿಂದ ತಿದ್ದುಪಡಿ ಪತ್ರ ತಗೊಳ್ಳಲು ಮೂರು ವಾರ ಹಿಡಿಯಿತು. ಅದನ್ನು ಸೇರಿಸಿ ಕಂಪನಿಯ ಕುಂದುಕೊರತೆ ವಿಭಾಗಕ್ಕೆ ಬರೆದೆ. ಒಂದು ತಿಂಗಳು ಕಾದೆ, ಉತ್ತರ ಇಲ್ಲ. ಆಮೇಲೆ ಬೆಂಗಳೂರಿನ ಜೆ.ಪಿ. ನಗರದಲ್ಲಿರುವ ವಿಮಾ ಒಂಬುಡ್ಸ್‌ಮನ್, ಅಂದರೆ ವಿಮೆಯ ದೂರು ಕೇಳಿ ತೀರ್ಮಾನ ಕೊಡುವ ಅಧಿಕಾರಿಯ ಕಚೇರಿಗೆ. ಅಲ್ಲಿ ಶುಲ್ಕ ಇಲ್ಲ. ವಕೀಲರನ್ನು ಬಿಡುವುದಿಲ್ಲ, ಕಂಪನಿಯ ಕಡೆಯಿಂದಲೂ. ಈಗ 50 ಲಕ್ಷದವರೆಗಿನ ದೂರು ಕೇಳುತ್ತಾರೆ. ವಿಚಾರಣೆ ದಿನ ಕಂಪನಿಯವನು ಲ್ಯಾಪ್‌ಟಾಪ್ ಬಿಡಿಸಿಕೊಂಡು ಕೂತಿದ್ದ. ನನ್ನ ಹತ್ತಿರ ಇದ್ದದ್ದು ಆ ಒಂದು ಹಾಳೆ, ತಿದ್ದುಪಡಿ ಪತ್ರ, ಮತ್ತೆ ಸೀಲ್ ಬಿದ್ದ ಪ್ರತಿಗಳು. ಹದಿನೈದು ನಿಮಿಷವೂ ಆಗಲಿಲ್ಲ. ಗ್ಲೌಸ್, ಸಿರಿಂಜು ಅಂತ ಒಂದಿಷ್ಟು ಕಳೆದು 2,36,000 ಬಂತು. ಒಟ್ಟು ಹನ್ನೊಂದು ತಿಂಗಳು. ಬಸ್ ಚಾರ್ಜು, ಅಲೆದಾಟ ಯಾರೂ ಕೊಡಲಿಲ್ಲ. ನಾನೂ ಕೇಳಲಿಲ್ಲ. ಕೇಳಬೇಕಿತ್ತು ಅಂತ ಆಮೇಲೆ ಅನಿಸಿತು.

(2024ರಿಂದ ನಿಯಮ ಇನ್ನೂ ಬಿಗಿಯಾಗಿದೆ. ಆರೋಗ್ಯ ವಿಮೆಯನ್ನು ಬಿಡದೆ 60 ತಿಂಗಳು ಕಟ್ಟಿದ ಮೇಲೆ "ಮುಚ್ಚಿಟ್ಟಿದ್ದೀರಿ" ಅಂತ ತಳ್ಳಿಹಾಕುವ ಹಾಗಿಲ್ಲ. ಮೋಸ ಅಂತ ಅವರೇ ಸಾಬೀತು ಮಾಡಿದರೆ ಬೇರೆ ಮಾತು. ನಿನ್ನ ಹೆಂಡತಿಗೂ ಹೇಳಿಡು.)

ಈಗ ನಿನ್ನ ಬ್ಯಾಂಕಿನ ವಿಷಯ. 2023ರ ಸೆಪ್ಟೆಂಬರ್ 13ರಂದು ರಿಸರ್ವ್ ಬ್ಯಾಂಕ್ ಒಂದು ಸುತ್ತೋಲೆ ಹೊರಡಿಸಿದೆ. ಅದರ ನಿಯಮ ಆ ವರ್ಷದ ಡಿಸೆಂಬರ್ 1ರಿಂದ ಜಾರಿಗೆ ಬಂತು. ಸಾಲ ಪೂರ್ತಿ ತೀರಿದ 30 ದಿನದೊಳಗೆ ಮೂಲ ಪತ್ರ ವಾಪಸ್ ಕೊಡಬೇಕು. ತಪ್ಪು ಬ್ಯಾಂಕಿನದಾಗಿದ್ದರೆ ಆಮೇಲಿನ ಒಂದೊಂದು ದಿನಕ್ಕೂ 5,000 ರೂಪಾಯಿ ಪರಿಹಾರ. ತಡ ಆದರೆ ಯಾಕೆ ತಡ ಅಂತ ಸಾಲ ತಗೊಂಡವನಿಗೆ ತಿಳಿಸಬೇಕು ಅಂತಲೂ ಅದರಲ್ಲೇ ಇದೆ. ಪತ್ರ ಕಳೆದುಹೋಗಿದ್ದರೆ ನಕಲು ಮಾಡಿಸಲು ಬ್ಯಾಂಕೇ ನೆರವಾಗಬೇಕು, ಖರ್ಚೂ ಅದರದೇ. ಆಗ ಅವರಿಗೆ ಇನ್ನೂ 30 ದಿನ ಸಿಗುತ್ತದೆ.

ನೀನು ಸಾಲ ಮುಗಿಸಿದ್ದು ಮಾರ್ಚ್ 10. ಮೂವತ್ತು ದಿನ ಅಂದರೆ ಏಪ್ರಿಲ್ 9. ಅಲ್ಲಿಂದ ಇವತ್ತಿಗೆ 215 ದಿನ ಆಯಿತು. ಗುಣಿಸಿ ನೋಡಿದೆ, 10,75,000. ನಿನ್ನ ಮಾವ ಕೇಳಿದರೆ ಬಿದ್ದೇಹೋಗುತ್ತಾರೆ, ಅವರಿಗೆ ಹೇಳಿಲ್ಲ. ಆ ಮೊತ್ತಕ್ಕೆ ಆಸೆ ಬೀಳು ಅಂತ ಹೇಳುತ್ತಿಲ್ಲ. ಮೊದಲು ಪತ್ರ ಕೈಗೆ ಬರಲಿ. ಆದರೆ ನೀನು ಕುಡಿದ ಒಂದೊಂದು ಕಾಫಿಯ ರೇಟು ನಿನಗೆ ಗೊತ್ತಿರಲಿ. ವಾರಕ್ಕೆ 35,000.

ಮ್ಯಾನೇಜರ್ ಒಳ್ಳೆಯವರೇ ಇರಬಹುದು. ಅವರ ಮೇಲೆ ರೇಗಬೇಡ. ಒಳ್ಳೆಯವರಿಗೂ ಮೇಲಿನವರಿಗೆ ಕಳಿಸಲು ಒಂದು ಕಾಗದ ಬೇಕು. ಬಾಯಿಮಾತನ್ನು ಅವರು ಹೆಡ್ ಆಫೀಸಿಗೆ ಹೇಗೆ ಕಳಿಸುತ್ತಾರೆ?

ಇದರ ಜೊತೆ ಒಂದು ಕರಡು ಇಟ್ಟಿದ್ದೇನೆ. ನಿನ್ನ ಕೈಬರಹದಲ್ಲೇ ಬರೆ, ಟೈಪ್ ಮಾಡಿಸಬೇಕು ಅಂತೇನಿಲ್ಲ. ಒಂದು ಪುಟ ದಾಟಿಸಬೇಡ. ಸಾಲದ ಖಾತೆ ನಂಬರು, ಮುಗಿದ ದಿನ, ಅವರ ಹತ್ತಿರ ಇರುವ ಪತ್ರಗಳು ಯಾವುವು, ನೀನು ಹೋದ ಸೋಮವಾರಗಳ ತಾರೀಖು. ಆಮೇಲೆ ಮೂರೇ ಪ್ರಶ್ನೆ. ಪತ್ರ ಈಗ ಎಲ್ಲಿದೆ? ಯಾವ ದಿನ ಕೊಡುತ್ತೀರಿ? ಇಷ್ಟು ತಡ ಯಾಕಾಯಿತು? ನೀನು ಎಷ್ಟು ಕಷ್ಟಪಟ್ಟು ಕಂತು ಕಟ್ಟಿದೆ ಅನ್ನುವುದೆಲ್ಲ ಬೇಡ. ನಿಜ, ಅದೇ ಬರೆಯಬೇಕು ಅನಿಸುತ್ತದೆ. ನಾನೂ ಮೊದಲ ಸಲ ಮೂರು ಪುಟ ಬರೆದು ಹರಿದುಹಾಕಿದ್ದೆ. ಎರಡು ಪ್ರತಿ ತಗೊಂಡು ಹೋಗು, ಒಂದಕ್ಕೆ ಸೀಲ್ ಹಾಕಿಸಿಕೋ. ಹಾಕಲ್ಲ ಅಂದರೆ ಜಗಳ ಬೇಡ, ನೇರ ಅಂಚೆ ಕಚೇರಿಗೆ ಹೋಗು. ರಿಜಿಸ್ಟರ್ಡ್ ಪೋಸ್ಟನ್ನು ಈ ವರ್ಷ ಸ್ಪೀಡ್ ಪೋಸ್ಟ್ ಜೊತೆ ಸೇರಿಸಿಬಿಟ್ಟರು, ನನಗೆ ಬೇಜಾರಾಯಿತು. ತಲುಪಿದ್ದಕ್ಕೆ ದಾಖಲೆ ಸಿಗುವ ಹಾಗೆ ಕಳಿಸು.

ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ, ಬಂದದ್ದು ಸರಿ ಇರದಿದ್ದರೆ, ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್. ಅದಕ್ಕೂ ದುಡ್ಡಿಲ್ಲ. ಮೊಬೈಲಿನಲ್ಲೇ ಹಾಕಬಹುದು, ಗೊತ್ತಾಗದಿದ್ದರೆ 14448ಕ್ಕೆ ಫೋನ್ ಮಾಡಿ ಕೇಳು. ನಿನ್ನ ಸ್ನೇಹಿತ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕು ಅಂದನಂತೆ. ನಿನ್ನದು ಖಾಸಗಿ ಬ್ಯಾಂಕು, ಅಲ್ಲಿ ಅದು ನಡೆಯಲ್ಲ. ಗ್ರಾಹಕರ ಆಯೋಗ ಶಿವಮೊಗ್ಗದಲ್ಲೇ ಇದೆ, ಎರಡು ವರ್ಷದೊಳಗೆ ಹೋಗಬಹುದು, ವಕೀಲರಿಲ್ಲದೆ ನೀನೇ ವಾದಿಸಬಹುದು. ಆದರೆ ಅದನ್ನು ಕೊನೆಗೆ ಇಟ್ಟುಕೋ. ಅಲ್ಲಿ ಕೇಸು ಹಾಕಿದ ಮೇಲೆ ಅದೇ ವಿಷಯಕ್ಕೆ ಒಂಬುಡ್ಸ್‌ಮನ್ ಹತ್ತಿರ ಹೋಗಲು ಬರುವುದಿಲ್ಲ. ಈ ಹಿಂದು ಮುಂದು ತಿಳಿಯದೆ ಕೆಲವರು ದಾರಿ ಮುಚ್ಚಿಕೊಂಡದ್ದನ್ನು ನೋಡಿದ್ದೇನೆ.

ಎಲ್ಲ ಗೆಲ್ಲುತ್ತೇವೆ ಅಂತ ತಿಳಿಯಬೇಡ. ನಮ್ಮೂರಿನ ಸಂಜೆ ಬಸ್ಸು ನಿಲ್ಲಿಸಿದಾಗ ನಾನು ಮಾಹಿತಿ ಹಕ್ಕಿನಲ್ಲಿ ಕೇಳಿದೆ. ಹತ್ತು ರೂಪಾಯಿ ಶುಲ್ಕ, 150 ಪದದೊಳಗೆ ಒಂದೇ ವಿಷಯ. 30 ದಿನ ಕಳೆದರೂ ಉತ್ತರ ಇಲ್ಲ. ಮೇಲ್ಮನವಿ ಹಾಕಿದ ಮೇಲೆ ಬಂತು. ನಷ್ಟ ಎಷ್ಟು, ದಿನಕ್ಕೆ ಹತ್ತುವವರು ಎಷ್ಟು, ಎಲ್ಲ ಲೆಕ್ಕ ಕೊಟ್ಟರು. ಮಾಹಿತಿ ಸಿಕ್ಕಿತು, ಬಸ್ಸು ಸಿಗಲಿಲ್ಲ. ಹೈಸ್ಕೂಲು ಮಕ್ಕಳು ಈಗಲೂ ಎರಡು ಮೈಲಿ ನಡೆಯುತ್ತವೆ. ಆ ಕಡತ ಕಪಾಟಿನಲ್ಲಿದೆ. ನೋಡಿದರೆ ಹೊಟ್ಟೆ ಉರಿಯುತ್ತದೆ.

ಊರಿನಲ್ಲಿ ನನಗೆ ಅರ್ಜಿ ಅಜ್ಜಿ ಅಂತ ಹೆಸರಿಟ್ಟಿದ್ದಾರೆ, ಗೊತ್ತಾ? ಎದುರಿಗೆ ಕರೆಯುವುದಿಲ್ಲ. ಪಿಂಚಣಿ ನಿಂತವರು, ಪಹಣಿಯಲ್ಲಿ ಹೆಸರು ತಪ್ಪಾದವರು ಜಗಲಿಗೆ ಬಂದು ಕೂರುತ್ತಾರೆ. ಇವರಿಗೆ ಮೊದಮೊದಲು ಮುಜುಗರ ಆಗುತ್ತಿತ್ತು. ಈಗ ಅವರೇ ಬಂದವರಿಗೆ "ಎರಡು ಪ್ರತಿ ತಂದಿದ್ದೀರಾ" ಅಂತ ಕೇಳುತ್ತಾರೆ.

ನಿನಗೆ ಈಗ ಬಡ್ತಿ ಬೇಕಿಲ್ಲ, ಮೇಲಿನವರು ಏನಂದುಕೊಳ್ಳುತ್ತಾರೋ ಅನ್ನುವ ಭಯ ಇಲ್ಲ. ಬೆಳಿಗ್ಗೆ ಪೇಪರ್ ಓದಿ ಮುಗಿಸಿದರೆ ಹತ್ತು ಗಂಟೆಗೆ ಮಾಡಲು ಕೆಲಸ ಇಲ್ಲ ಅಂತ ನಿನ್ನ ಹೆಂಡತಿಯೇ ಹೇಳಿದಳು. ಕೆಲಸದಲ್ಲಿದ್ದಾಗ ಒಂದು ಸೋಮವಾರ ರಜೆ ಹಾಕಲು ನೀನು ಎಷ್ಟು ಯೋಚಿಸುತ್ತಿದ್ದೆ! ಈಗ ಎಷ್ಟು ಸೋಮವಾರ ಬೇಕಾದರೂ ಇವೆ.

ಪತ್ರ ಬಂದ ಮೇಲೆ ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ಇ.ಸಿ., ಅಂದರೆ ಋಣಭಾರ ಪತ್ರ, ತೆಗೆಸಿ ನೋಡು. ಬ್ಯಾಂಕಿನ ಸಾಲ ತೀರಿದ ನಮೂದು ಅದರಲ್ಲಿ ಬಂದಿರಬೇಕು. ಅದನ್ನು ತುಂಬ ಜನ ಮರೆಯುತ್ತಾರೆ.

ಕೊನೆಗಾರ ಸಿಕ್ಕಿದ ಅಂತ ಕಾಣುತ್ತದೆ, ಗೇಟಿನ ಹತ್ತಿರ ಇವರ ಧ್ವನಿ ಕೇಳಿಸುತ್ತಿದೆ. ಇಲ್ಲಿಗೆ ನಿಲ್ಲಿಸುತ್ತೇನೆ. ಮಕ್ಕಳಿಗೆ ಆಶೀರ್ವಾದ ಹೇಳು.

ಇಂತಿ ನಿನ್ನ
ಅತ್ತೆ

ವಿ.ಸೂ.: ನಾಡಿದ್ದು ಪಕ್ಕದ ಮನೆ ಹುಡುಗ ಶಿವಮೊಗ್ಗಕ್ಕೆ ಬರುತ್ತಾನೆ, ಅವನ ಕೈಲಿ ಅಪ್ಪೆಮಿಡಿ ಉಪ್ಪಿನಕಾಯಿ ಕಳಿಸುತ್ತೇನೆ. ಹೋದ ಸಲ ಕಳಿಸಿದ ಭರಣಿ ಇನ್ನೂ ವಾಪಸ್ ಬಂದಿಲ್ಲ. ಆರು ತಿಂಗಳಿಂದ ಬಾಯಲ್ಲೇ ಕೇಳುತ್ತಿದ್ದೆ. ಈಗ ಬರೆದು ಕೇಳಿದ್ದೇನೆ.